ಬೆರಳಿನ ಪ್ರಮೇಯ

ಗಣಿತ ಪರೀಕ್ಷೆಯ ದಿನ ಗಣಿತ ಕಲಿಸುವವರನ್ನು ಕೇಂದ್ರದ ಗೇಟಿನ ಹತ್ತಿರವೂ ಬಿಡುವುದಿಲ್ಲ. ನಾವೆಲ್ಲ ಕಳ್ಳರು ಎಂಬುದು ಮೇಲಿನವರ ಗಟ್ಟಿ ನಂಬಿಕೆ. ಹಾಗಾಗಿ ಮಾರ್ಚಿನ ಆ ದಿನ ನಾನು ವಾಡಿಯ ನನ್ನ ಮನೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಕೈ ಮೊರದಲ್ಲಿ, ಜೀವ ಚಿತ್ತಾಪುರದ ಪರೀಕ್ಷಾ ಕೋಣೆಯಲ್ಲಿ. ಒಂದೂವರೆಗೆ ಫೋನ್ ಬಂತು. ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಬಂದೇಅಲಿ ಸರ್ ಅದೇ ಕೇಂದ್ರದ ಬೇರೆ ಕೋಣೆಗೆ ಡ್ಯೂಟಿಗೆ ಹೋಗಿದ್ದರು.

"ಮೇಡಂ, ಅಂಬುಜಾನ ಪೇಪರ್ ಕಸ್ಕೊಂಡ್ರು. ಕೈಲೆ ಸನ್ನಿ ಮಾಡಾಕತ್ತಿದ್ಲಂತ, ಕ್ಯಾಮೆರಾದಾಗ ನೋಡ್ಯಾರ."

ಮೊರ ಕೆಳಗಿಟ್ಟೆ. ಆ ಸನ್ನೆಯನ್ನು ಇಡೀ ತರಗತಿಗೆ ಕಲಿಸಿದವಳು ನಾನೇ.

ಸರಿಯಾಗಿ ಹೇಳಬೇಕೆಂದರೆ, ಮೊದಲು ಅವಳು ನನಗೆ ಕಲಿಸಿದಳು. ಅಂಬುಜಾ ನಮ್ಮ ಹತ್ತನೆಯ ತರಗತಿಯ ಹುಡುಗಿ. ಅವಳಪ್ಪ ಭೀಮಶಾ ಶಹಾಬಾದ್ ದಾರಿಯ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುತ್ತಾರೆ. ಗಣಿತದಲ್ಲಿ ಅವಳು ಹತ್ತು ಅಂಕ ದಾಟಿದ್ದೇ ಇರಲಿಲ್ಲ. ಸಮಾನುಪಾತತೆಯ ಪ್ರಮೇಯ ಹೇಳು ಎಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಾನೂ 'ದಡ್ಡಿ' ಎಂದು ಬೈದಿದ್ದೇನೆ, ಸುಳ್ಳೇಕೆ ಹೇಳಲಿ. ಒಂದು ದಿನ ಹಾಗೆ ಬೈಸಿಕೊಂಡು ಮೂಲೆಯಲ್ಲಿ ನಿಂತವಳು ಎಡಗೈಯ ಹೆಬ್ಬೆರಳು, ತೋರುಬೆರಳು ಅಗಲಿಸಿ, ಅವುಗಳ ಮೇಲೆ ಬಲಗೈಯ ಬೆರಳೊಂದನ್ನು ಅಡ್ಡ ಇಟ್ಟು ಮೆಲ್ಲಗೆ ಜಾರಿಸುತ್ತಿದ್ದಳು. ಏನದು ಎಂದೆ.

"ತ್ರಿಭುಜ ರಿ. ಈ ಅಡ್ಡಬೆರಳು ಓರೆ ಆಗದಂಗ ಸರಿಸಿದ್ರ, ಈ ಕಡಿ ಅರ್ಧಕ್ಕ ಬಂತಂದ್ರ ಆ ಕಡೀನೂ ಅರ್ಧಕ್ಕೇ ಬರ್ತದ. ಓರೆ ಆತಂದ್ರ ಲೆಕ್ಕ ಕೆಟ್ತು. ಅಪ್ಪ ಮೂಲಿಗಲ್ಲು ಕೊಯ್ಯೋಮುಂದ ಹಿಂಗೇ ನೋಡ್ತಾನ್ರಿ."

ಇಪ್ಪತ್ತೆರಡು ವರ್ಷ ಹಲಗೆ ತುಂಬ ಬರೆದು ನಾನು ತಿಳಿಸಲಾಗದ್ದನ್ನು ಆ ಹುಡುಗಿ ಮೂರು ಬೆರಳಲ್ಲಿ ಹೇಳಿದ್ದಳು. ನಾಚಿಕೆಯಾಯಿತು, ಆಮೇಲೆ ಖುಷಿಯಾಯಿತು. ಮರುದಿನದಿಂದ ಎಲ್ಲರಿಗೂ ಅದೇ ಪಾಠ. ವೃತ್ತದ ಸ್ಪರ್ಶಕಕ್ಕೆ ಬಳೆ ಮತ್ತು ಕಡ್ಡಿ, ಸಮಾಂತರ ಶ್ರೇಢಿಗೆ ಅಂಗಳದಲ್ಲಿ ಹೆಜ್ಜೆ. ನನ್ನನ್ನು ನೋಡಿ ಬಂದೇಅಲಿ ಸರ್ ಕೂಡ ಮಕ್ಕಳ ಮುಂಗೈ ಮೇಲೆ ಭೀಮಾ, ಕಾಗಿಣಾ ನದಿಗಳನ್ನು ಹರಿಸತೊಡಗಿದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಬುಜಾ ಎಂಬತ್ತಕ್ಕೆ ಐವತ್ತೊಂದು ತಂದಳು. ನನಗೋ ತಲೆಗೆ ಕೊಂಬು ಬಂದಿತ್ತು. ಪರೀಕ್ಷೆಯಲ್ಲಿ ಕೈ ಆಡಿಸಿದರೆ ನೋಡುವವರು ಏನೆಂದುಕೊಂಡಾರು ಎಂಬುದು ಮಾತ್ರ ಹೊಳೆಯಲೇ ಇಲ್ಲ.

ಆ ಕೋಣೆಯಲ್ಲಿ ನಮ್ಮ ಹುಡುಗಿಯರು ನಾಲ್ವರಿದ್ದರು. ಪ್ರಮೇಯದ ಪ್ರಶ್ನೆಗೆ ಬಂದಾಗ ಮುಂದಿನ ಬೆಂಚಿನ ಅಂಬುಜಾ ಬೆರಳೆತ್ತಿದ್ದಾಳೆ. ಎರಡು ನಿಮಿಷಕ್ಕೆ ಹಿಂದಿನವಳು, ಆಮೇಲೆ ಕಿಟಕಿಯ ಪಕ್ಕದವಳು, ಆಮೇಲೆ ಇನ್ನೊಬ್ಬಳು. ಎಲ್ಲರದೂ ಅದೇ ಸನ್ನೆ. ಎಲ್ಲೋ ಕೂತು ಪರದೆ ನೋಡುವವರಿಗೆ ಇನ್ನೇನು ಸಾಕ್ಷಿ ಬೇಕು? ಮೊದಲು ಬೆರಳೆತ್ತಿದವಳು ಹೇಳಿಕೊಟ್ಟಳು, ಉಳಿದವರು ನೋಡಿಕೊಂಡರು, ಮುಗಿಯಿತು. ಮೂವರಿಗೆ ಎಚ್ಚರಿಕೆ ಕೊಟ್ಟು ಅಂಬುಜಾಳ ಉತ್ತರಪತ್ರಿಕೆ ಕಿತ್ತುಕೊಂಡರು.

ಮೂರನೆಯ ದಿನ ವಿಚಾರಣೆ. ಶಿಕ್ಷಣ ಇಲಾಖೆಯ ಅಧಿಕಾರಿ ಶರಣಬಸಪ್ಪನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಲು ನನಗೆ ಅನುಕೂಲವಾಗುತ್ತಿತ್ತು. ಭೀಮಶಾರಿಗೂ ಕುರ್ಚಿ ತರಿಸಿ "ಕುಂದ್ರಿ" ಎಂದರು. ಅಂಗಿಯ ಕಲ್ಲುಪುಡಿ ಕುರ್ಚಿಗೆ ಹತ್ತೀತೆಂದು ಅವರು ನಿಂತೇ ಇದ್ದರು. ನಾನು ಎಲ್ಲವನ್ನೂ ವಿವರಿಸಿದೆ, ಬೆರಳಿಟ್ಟು ತೋರಿಸಿದೆ.

"ನಾ ನಂಬ್ತೀನ್ರಿ ಬಸವೇಶ್ವರಿ ಮೇಡಂ," ಎಂದರು ಅವರು. "ಆದ್ರ ವಿಡಿಯೋದಾಗ ಸನ್ನಿ ಅದ. ಕಾಗದದಾಗ ಏನ್ ಬರೀಲಿ? ಹುಡುಗಿಗಿ ಖರೇನೇ ಬರ್ತದಂದ್ರ ಇಲ್ಲೇ ಹೇಳ್ಲಿ. ಕೈ ಕಟ್ಕೊಂಡು ಹೇಳವ್ವ."

ಕೈ ಕಟ್ಟು, ಬಾಯಿ ಮುಚ್ಚು ಎಂಬುದು ನಮ್ಮ ಶಾಲೆಗಳಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ. ಇಲ್ಲಿ ಕೈ ಕಟ್ಟಿ ಬಾಯಿ ತೆರೆ ಎನ್ನುತ್ತಿದ್ದರು. ಅಂಬುಜಾ ಕೈ ಕಟ್ಟಿದಳು. "ಒಂದು ತ್ರಿಭುಜದ..." ಎಂದು ನಿಂತಳು. ಮತ್ತೆ "ಒಂದು ತ್ರಿಭುಜದ..." ಎಂದಳು. ಕಟ್ಟಿದ ತೋಳಿನೊಳಗೆ ಬೆರಳು ಮಿಸುಕುವುದು ನನಗೆ ಕಾಣುತ್ತಿತ್ತು.

"ಹೇಳವ್ವ, ಸಾಹೇಬ್ರು ಕೇಳಾಕತ್ತಾರ," ಎಂದರು ಭೀಮಶಾ.

"ಸರ್, ಒಂದು ಸಲ ಕೈ ಬಿಡಿಸಿ ಕೇಳ್ರಿ," ಎಂದು ಅಂಗಲಾಚಿದೆ. ಅವರು ಒಪ್ಪಿದರು. ಅಂಬುಜಾ ಎರಡೂ ಕೈ ಮುಂದೆ ತಂದಳು. ಆ ಕೋಣೆಯ ಮೂಲೆಯಲ್ಲೂ ಒಂದು ಕ್ಯಾಮೆರಾ ಇತ್ತು. ಅದನ್ನು ನೋಡಿದವಳೇ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, "ನಾ ಏನೂ ಮಾಡಿಲ್ರಿ," ಎಂದು ಅಳತೊಡಗಿದಳು.

ಶರಣಬಸಪ್ಪನವರು ತಮ್ಮ ಕೈಲಾದ ಉಪಕಾರ ಮಾಡಿದರು. ಈ ಪರೀಕ್ಷೆ ರದ್ದು, ಜೂನಿನ ಮರುಪರೀಕ್ಷೆಗೆ ಕೂಡಬಹುದು. ಅದಕ್ಕೆ ಪ್ರತಿಯಾಗಿ, ಇನ್ನು ಮುಂದೆ ಮಕ್ಕಳಿಗೆ ಕೈಸನ್ನೆ ಕಲಿಸುವುದಿಲ್ಲವೆಂದು ನಾನು ಬರೆದುಕೊಡಬೇಕು. ಬರೆಯದಿದ್ದರೆ ಹುಡುಗಿಯ ವರ್ಷ ಹಾಳು. ಬರೆದೆ. ಮತ್ತೇನು ಮಾಡಲಿ? ಪೆನ್ನು ಕೆಳಗಿಡುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಆಮೇಲೆ ಎರಡು ತಿಂಗಳು ದಿನಾ ಸಂಜೆ ಅವಳ ಮನೆಗೆ ಹೋದೆ. ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂಡುತ್ತಿದ್ದಳು. "ಕೈ ತೆಗಿಯವ್ವ, ಇಲ್ಲಿ ಯಾರೂ ಇಲ್ಲ," ಎಂದು ಬರೆದುಕೊಟ್ಟ ಮಾತು ಮುರಿದು ಹೇಳಿದೆ. ತಲೆ ಅಲ್ಲಾಡಿಸಿದಳು. ಬೇಡಿಕೊಂಡೆ, ಗದರಿದೆ, ನಾನೇ ಅವಳ ಕೈ ಹಿಡಿದು ಎಳೆದೆ. ಬಿಸಿ ತಗುಲಿದವಳ ಹಾಗೆ ಹಿಂದಕ್ಕೆ ಸೆಳೆದುಕೊಂಡಳು. ಗೈಡು ಹಿಡಿದು ಬಾಯಿಪಾಠ ಮಾಡುವುದೊಂದೇ ಅವಳಿಗೆ ಬೇಕಾಗಿತ್ತು.

ಪರೀಕ್ಷೆಗೆ ವಾರವಿದ್ದಾಗ, ನಾನು ಹೊಸ್ತಿಲು ದಾಟುತ್ತಲೇ ಶುರು ಮಾಡಿದಳು. ಪ್ರಮೇಯ, ದತ್ತ, ಸಾಧನೀಯ, ರಚನೆ, ಸಾಧನೆ. ಒಂದಕ್ಷರ ತಪ್ಪಲಿಲ್ಲ, ಎಲ್ಲೂ ತಡವರಿಸಲಿಲ್ಲ. ನಾನು ಹಾಳೆಯ ಮೇಲೆ ಬೇರೊಂದು ತ್ರಿಭುಜ ಬರೆದು ಅಡ್ಡಗೆರೆ ಎಳೆದೆ. ಒಂದು ಕಡೆ ಮೇಲಿನ ತುಂಡು ಎರಡು, ಕೆಳಗಿನದು ನಾಲ್ಕು. ಇನ್ನೊಂದು ಕಡೆ ಮೇಲಿನದು ಮೂರು. ಕೆಳಗಿನದು ಎಷ್ಟು ಎಂದೆ. ಚಳಿಗಾಲದಲ್ಲಿ ಇದನ್ನು ಕೇಳಿದ್ದರೆ ಬೆರಳು ಜಾರಿಸಿ ಆರು ಎಂದು ನಕ್ಕುಬಿಡುತ್ತಿದ್ದಳು. ಈಗ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೊದಲಿನಿಂದ ಪ್ರಮೇಯ ಹೇಳತೊಡಗಿದಳು.

ಭೀಮಶಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರ ಮುಖ ಅರಳಿತ್ತು.

"ಕೇಳಿದ್ರಿಲ್ಲ ಮೇಡಂ? ನೀರು ಕುಡ್ದಂಗ ಹೇಳಾಕತ್ತಾಳ. ನನ್ನ ಮಗಳು ಈಗ ಭಾಳ ಶಾಣ್ಯಾ ಆಗ್ಯಾಳ."

ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅಂಬುಜಾ ನಕ್ಕಳು. ನಕ್ಕು, ನಾನು ಏನೆನ್ನುತ್ತೇನೋ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೌದ್ರಿ, ಭಾಳ ಶಾಣ್ಯಾ ಆಗ್ಯಾಳ," ಎಂದೆ.