ಗುಮಾಸ್ತರ ಕಾಯಿಲೆ

ತಾವಿಲ್ಲದೆ ಕಚೇರಿ ಒಂದು ದಿನವೂ ನಡೆಯದು ಎಂದುಕೊಂಡಿದ್ದವರ ಚರಿತ್ರೆ ಬರೆದೇ ವೈಶಾಲಿ ಡಾಕ್ಟರೇಟ್ ಪಡೆದದ್ದು. ಅಷ್ಟು ಓದಿದವಳು ತಾನೇ ಹೋಗಿ ಅದೇ ಹಳ್ಳಕ್ಕೆ ಬಿದ್ದಳು ಎಂದರೆ ಏನು ಹೇಳೋಣ, ನನಗಂತೂ ಸಿಟ್ಟೇ ಬರುತ್ತದೆ.

ಸಿರಿಯಾ, ಈಜಿಪ್ಟು ರೋಮನ್ನರ ಕೈಯಿಂದ ಜಾರಿ ಅರಬರ ಕೈ ಸೇರಿದಾಗ ಅಲ್ಲಿಯ ಕಂದಾಯ ಕಚೇರಿಗಳಲ್ಲಿ ಕೂತಿದ್ದ ಕ್ರೈಸ್ತ ಗುಮಾಸ್ತರನ್ನು ಯಾರೂ ಎಬ್ಬಿಸಲಿಲ್ಲ. ಲೆಕ್ಕಪತ್ರವೆಲ್ಲ ಗ್ರೀಕಿನಲ್ಲಿತ್ತು, ಹೊಸ ದೊರೆಗಳಿಗೆ ಗ್ರೀಕು ಬರುತ್ತಿರಲಿಲ್ಲ. ಗುಮಾಸ್ತರು ಭಾನುವಾರ ಚರ್ಚಿಗೆ, ಸೋಮವಾರ ಕಚೇರಿಗೆ ಹೋಗಿಕೊಂಡು, ನಮ್ಮನ್ನು ಬಿಟ್ಟರೆ ಇವರಿಗೆ ಯಾರಿದ್ದಾರೆ ಎಂದು ಮೀಸೆ ತಿರುವಿಕೊಂಡು ತಲೆಮಾರುಗಟ್ಟಲೆ ಆರಾಮಾಗಿದ್ದರು. ಆಮೇಲೊಂದು ದಿನ, ಇನ್ನು ಲೆಕ್ಕವೆಲ್ಲ ಅರಬಿಯಲ್ಲಿ ಎಂದು ಖಲೀಫನ ಅಪ್ಪಣೆಯಾಯಿತು. ಬೇರೆ ಹೊಟ್ಟೆಪಾಡು ನೋಡಿಕೊಳ್ಳಿ ಎಂದು ದಮಾಸ್ಕಸ್ಸಿನ ಮುಖ್ಯ ಗುಮಾಸ್ತ ತನ್ನವರಿಗೆ ಹೇಳಿದನಂತೆ.

ಆ ಕಾಲದ, ಗ್ರೀಕು ಅರಬಿ ಎರಡೂ ಇರುವ ಪಪೈರಸ್ ಎಂಬ ಜೊಂಡಿನ ಹಾಳೆಯ ಚೂರುಗಳನ್ನು ಓದುವುದು ವೈಶಾಲಿಯ ಕೆಲಸ. ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿದ್ದ ಅವಳ ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ. ಕಳೆದ ವರ್ಷ ನಿರ್ದೇಶಕಿ ಕ್ಯಾರಲ್, ಈ ಓದನ್ನು ಕಂಪ್ಯೂಟರಿಗೆ ಕಲಿಸು ಎಂದು ಹೇಳಿ, ಬೆಂಗಳೂರಿನ ಮೈತ್ರಿ ಎಂಬ ಪ್ರೋಗ್ರಾಮರ್ ಹುಡುಗಿಯನ್ನು ಜೊತೆಗೆ ಕೊಟ್ಟಳು. ವೈಶಾಲಿ ಇಷ್ಟಪಟ್ಟೇ ಕಲಿಸಿದಳು. ಅದು ತಪ್ಪು ಓದಿದಾಗಲೆಲ್ಲ ಮೈತ್ರಿಯ ಜೊತೆ ನಗುತ್ತ ತಿದ್ದಿದಳು. ಬರುಬರುತ್ತ ತಪ್ಪು ಕಡಿಮೆಯಾಯಿತು, ಅವಳ ನಗುವೂ ಕಡಿಮೆಯಾಯಿತು.

ಶಶಿಕಾಂತ, ಅವಳ ಗಂಡ, ಫ್ಯಾಕ್ಟೋರಿಯಾ ಬಡಾವಣೆಯ ಕಂಪನಿಯೊಂದರ ಕೆಲಸ ಕಳೆದುಕೊಂಡು ಬೇಸಿಗೆಯಿಂದ ಮನೆಯಲ್ಲಿದ್ದ. ಈಗ ಸಂಸಾರ ಈ ಪರದೇಶದಲ್ಲಿ ನಿಂತಿರುವುದು ಅವಳ ವೀಸಾದ ಮೇಲೆ. ಅವಳ ಕೆಲಸವೂ ಹೋಯಿತೋ, ಶೋರ್‌ಲೈನಿನ ಮನೆ, ಮಗಳ ಶಾಲೆ ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು.

ಶುಕ್ರವಾರ ಬೆಳಿಗ್ಗೆ, ಸಂಸ್ಥೆಗೆ ಹಣ ಕೊಡುವವರ ಮುಂದೆ ಕಂಪ್ಯೂಟರಿನ ಓದಿನ ಡೆಮೋ. ಗುರುವಾರ ಸಂಜೆ ಚಹಾ ಕುಡಿಯುತ್ತ ಅವಳು ಗಂಡನಿಗೆ ಇರಾಕಿನ ಕಥೆ ಹೇಳಿದಳು. ಅಲ್ಲಿಯ ಗುಮಾಸ್ತರು ಪರ್ಷಿಯನ್ನರು. ಲೆಕ್ಕವನ್ನೆಲ್ಲ ನಾನು ಅರಬಿಗೆ ತಿರುಗಿಸಬಲ್ಲೆ ಎಂದು ಶಿಷ್ಯನೊಬ್ಬ ಹೇಳಿದಾಗ ಗುರುವಿಗೆ ದಿಗಿಲಾಗಿ, ಕಾಯಿಲೆ ಅಂತ ಹೇಳಿ ಮನೆಯಲ್ಲಿ ಮಲಗಿಬಿಡು ಎಂದನಂತೆ.

"ಶಾಣ್ಯಾ ಇದ್ದಾನ ಮುದುಕ," ಎಂದ ಶಶಿಕಾಂತ. "ನೀನೂ ನಾಳೆ ಆರಾಮಿಲ್ಲಂತ ಮೆಸೇಜ್ ಹಾಕು. ನೀ ಇಲ್ದ ಆ ಮಷಿನ್ನು ನಾಕ ಮಂದ್ಯಾಗ ಮಕಾಡೆ ಬೀಳ್ಲಿ. ಆವಾಗ ನಿನ್ನ ಕಿಮ್ಮತ್ತು ತಿಳೀತದ ಅವ್ರಿಗೆ."

"ಆಮ್ಯಾಲ ಇರಾಕಿನ ಸುಬೇದಾರ ಆ ಶಿಷ್ಯನ ಮನಿಗೆ ವೈದ್ಯನ್ನ ಕಳಿಸಿದ್ನಂತರೀ. ನೋಡಿದ್ರ ಏನೂ ರೋಗ ಇಲ್ಲ."

"ಇಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗೂದ್ರಾಗ ರೋಗ ತಾನ ವಾಸಿ ಆಗಿರ್ತದ. ಯಾರ್ ಬರ್ತಾರ ಬಿಡು."

ಇಬ್ಬರೂ ನಕ್ಕರು. ಸುಳ್ಳು ಹೇಳಿ ರಜೆ ಹಾಕಿದವಳಲ್ಲ ವೈಶಾಲಿ. ಆದರೆ ಕೆಲಸ ಹೋಗುವ ಭಯಕ್ಕೆ ಮೆಸೇಜು ಹಾಕಿಯೇಬಿಟ್ಟಳು. ಕ್ಯಾರಲ್‌ಳ ಉತ್ತರ ತಕ್ಷಣ ಬಂತು. ವಿಶ್ರಾಂತಿ ತಗೋ, ಏನೂ ಚಿಂತೆ ಮಾಡಬೇಡ. ವೈಶಾಲಿ ಅದನ್ನು ಮತ್ತೆ ಮತ್ತೆ ಓದಿದಳು. ಚಿಂತೆ ಮಾಡಬೇಕಾದವಳು ಕ್ಯಾರಲ್ ಅಲ್ಲವೇ ಎಂದು ಅವಳಿಗೆ ಕಸಿವಿಸಿಯಾಯಿತು.

ಶುಕ್ರವಾರ ಬೆಳಿಗ್ಗೆಯೂ ಅಡುಗೆಮನೆಯಲ್ಲಿ ದೀಪ ಹಾಕಬೇಕಾದಷ್ಟು ಮೋಡ. ಡೆಮೋ ಶುರುವಾಗುವ ಹೊತ್ತಾಯಿತು. ಎಲ್ಲೋ ತಪ್ಪಿರುತ್ತದೆ, ಈಗ ಫೋನ್ ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ. ಸೈಲೆಂಟಿಗೇನಾದರೂ ಹಾಕಿದ್ದೇನೋ ಎಂದು ಗಂಡನ ಫೋನಿನಿಂದ ಕಾಲ್ ಮಾಡಿಸಿ ನೋಡಿದಳು. ಚೆನ್ನಾಗಿಯೇ ಹೊಡೆದುಕೊಂಡಿತು. ಮಧ್ಯಾಹ್ನವಾಯಿತು. ಕೈ ಸುಮ್ಮನಿರಲಾರದೆ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ನಿಂತಳು.

ಕರೆಗಂಟೆ ಹೊಡೆಯಿತು. ಶಶಿಕಾಂತ ಹಿಂದೆಮುಂದೆ ನೋಡದೆ ಬಾಗಿಲು ತೆಗೆದ. ಸ್ಟೀಲ್ ಡಬ್ಬಿ ಹಿಡಿದುಕೊಂಡು ಮೈತ್ರಿ ನಿಂತಿದ್ದಳು. ಟ್ರೇನಿನಲ್ಲಿ ಬಂದಿದ್ದಳು, ಜಾಕೆಟ್ಟೆಲ್ಲ ನೆನೆದಿತ್ತು.

"ಅಕ್ಕಂಗೆ ಬಿಸಿ ರಸಂ ಮಾಡ್ಕೊಂಡು ಬಂದೆ," ಎನ್ನುತ್ತ ಒಳಗೆ ಬಂದವಳು ವೈಶಾಲಿಯ ಹಿಟ್ಟು ಮೆತ್ತಿದ ಕೈ ನೋಡಿದಳು, ಪಕ್ಕದ ರೊಟ್ಟಿಗಳನ್ನು ನೋಡಿದಳು. ವೈಶಾಲಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಾನು ಯಾರಿಗೂ ಹೇಳಲ್ಲ ಅಕ್ಕ," ಎಂದಳು ಮೈತ್ರಿ ಮೆಲ್ಲಗೆ.

"ಡೆಮೋ ಏನಾತು?"

"ಚೆನ್ನಾಗಾಯ್ತು. ನಾವು ನೋಡೇ ಇರದ ಒಂದು ಪೀಸ್ ತಂದು ಟೆಸ್ಟ್ ಮಾಡಿದ್ರು. ಅದನ್ನೂ ಓದ್ತು."

"ಎಲ್ಲೂ ತಪ್ಪಲಿಲ್ಲಾ?"

"ಒಂದ್ಕಡೆ ತಡವರಿಸ್ತು. ನಾನೇ ಸರಿಮಾಡ್ದೆ. ನೀವೇ ಹೇಳ್ಕೊಟ್ಟಿದ್ರಲ್ಲ ಅಕ್ಕ, ಆ ಗ್ರೀಕ್ ಸಂಖ್ಯೆಗಳ ವಿಷಯ."

ಶಶಿಕಾಂತನಿಗೆ ತಡೆಯಲಾಗಲಿಲ್ಲ. "ಅಲ್ಲವ್ವಾ, ಆ ರೊಕ್ಕ ಕೊಡೋ ಮಂದಿ ನಮ್ಮ ವೈಶಾಲಿ ಬಗ್ಗೆ ಏನರ ಕೇಳಿದ್ರಿಲ್ಲೋ?"

ಮೈತ್ರಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಅದರ ಮುಚ್ಚಳವನ್ನು ಸುಮ್ಮನೆ ಬಿಗಿ ಮಾಡಿದಳು. ಸುಳ್ಳು ಹೇಳಲು ಬಾರದ ಹುಡುಗಿ ಅದು.

"ಕೇಳಿದ್ರು. ಇದನ್ನ ನಡೆಸೋಕೆ ಆ ಎಕ್ಸ್‌ಪರ್ಟ್ ಇನ್ನೂ ಬೇಕಾ ಅಂತ ಕೇಳಿದ್ರು."

"ಕ್ಯಾರಲ್ ಏನಂದ್ಲು?" ಎಂದಳು ವೈಶಾಲಿ.

"ಅವರು ನಕ್ಕು, ಇವತ್ತು ಆಕೆ ಬಂದೇ ಇಲ್ಲ ನೋಡಿ, ಅಂದ್ರು ಅಕ್ಕ."