ದೊಡ್ಡಮ್ಮನ ಕಾಯಿಲೆಗೆ ನಾಲ್ಕು ಭಾಷೆ

ದಿನಚರಿಯಲ್ಲಿ ಬರೆದದ್ದನ್ನು ಅವಳು ತಾನೇ ಅಂಗೈಯಿಂದ ಮುಚ್ಚಿಕೊಂಡಳು: ದೊಡ್ಡಮ್ಮನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದು ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದಾಗ ಮೊದಲು ಬಂದದ್ದು ಅಳುವಲ್ಲ, ಆ ಪದ ಹುಟ್ಟಿದ ಬಗೆ. ನಾನೆಂಥ ಹುಡುಗಿ?

ಅವಳ ಕೆಲಸವೇ ಅದು. ವೈದ್ಯಕೀಯ ನಿಘಂಟಿನ ಕಚೇರಿಯಲ್ಲಿ ದೇಹದ ಒಂದೊಂದು ಅಂಗಕ್ಕೂ ಒಂದು ಚೀಟಿ. ಯಾವ ಭಾಷೆಯವರು ಅದನ್ನು ಏನೆನ್ನುತ್ತಾರೆ, ಯಾಕೆನ್ನುತ್ತಾರೆ ಎಂದು ಬರೆದಿಡಬೇಕು. ಚೀಟಿಯ ಹೊರಗೆ ಅವಳಿಗೆ ಬಾಯಿಲ್ಲ.

ತಾಯಿಲ್ಲದ ಅವಳನ್ನು ಸಾಕಿದ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಮೈ ಕರಗಿ, ಈಗ ವಾರಕ್ಕೊಮ್ಮೆ ತನ್ನ ಬಟ್ಟೆಯನ್ನೇ ಹಿಡಿದು ಹೊಲಿದುಕೊಳ್ಳುತ್ತಿದ್ದಳು.

"ಅದೇನೇ, ಡಾಕ್ಟರು ನಿಂಗೆ ಹೇಳಿದ ಹೆಸರು?"

"ಪ್ಯಾಂಕ್ರಿಯಾಸ್. ನಮ್ಮಲ್ಲಿ ಮೇದೋಜೀರಕ, ಕೊಬ್ಬು ಅರಗಿಸೋದು ಅಂತ. ಗ್ರೀಕರು 'ಎಲ್ಲ ಮಾಂಸ' ಅಂದ್ರು, ಮೂಳೆ ಇಲ್ವಲ್ಲ ಅದರಲ್ಲಿ. ಜರ್ಮನ್ನರು ಹೊಟ್ಟೆಯ ಜೊಲ್ಲಿನ ಗ್ರಂಥಿ ಅಂತಾರೆ."

"ಥೂ! ಬಾಯಲ್ಲಿರೋ ಜೊಲ್ಲು ಸಾಲದು ಅಂತ ಹೊಟ್ಟೇಲೂ ಬೇರೆ!" ದೊಡ್ಡಮ್ಮ ನಕ್ಕಳು, ನಗು ನೋವಾಗಿ ಮೇಜು ಹಿಡಿದುಕೊಂಡಳು.

ಮೂರು ವಾರ ಹೀಗೇ ಸಾಗಿತು. ದೊಡ್ಡಮ್ಮ ಕಾಯಿಲೆಯ ಬಗ್ಗೆ ಕೇಳಿದರೆ ಇವಳು ಭಾಷೆಗಳ ಬಗ್ಗೆ ಹೇಳುವಳು. "ನಂಗೆ ಅಕ್ಷರ ಬರದಿದ್ರೂ ನನ್ನ ಕಾಯಿಲೆಗೆ ನಾಲ್ಕು ಭಾಷೆ ಬರುತ್ತೆ," ಎಂದು ದೊಡ್ಡಮ್ಮ ಗಿರಾಕಿಗಳ ಮುಂದೆ ಜಂಭ ಕೊಚ್ಚುವಳು. ಡಾಕ್ಟರು ಹೇಳಿದ ಇನ್ನೊಂದು ಮಾತನ್ನು ಮಾತ್ರ ಇವಳು ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ಶನಿವಾರ ಶಾಲೆಯ ಟೀಚರು ಮುಂದಿನ ವರ್ಷದ ಸಮವಸ್ತ್ರಕ್ಕೆಂದು ನೀಲಿ ಬಟ್ಟೆಯ ಥಾನುಗಳನ್ನು ಇಳಿಸಿ ಹೋದರು. ಇನ್ನೂರು ಮಕ್ಕಳಿಗೆ. ದೊಡ್ಡಮ್ಮ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹಿಡಿದು ನಿಂತುಬಿಟ್ಟಳು.

"ಕತ್ತರಿ ಹಾಕಿದ್ದನ್ನ ಅರ್ಧಕ್ಕೆ ಬಿಟ್ಟೋಳಲ್ಲ ನಾನು, ನಿಂಗೇ ಗೊತ್ತು. ಶಾಲೆ ಶುರುವಾಗೋದು ಐದು ತಿಂಗಳಿಗೆ. ಅಷ್ಟರಲ್ಲಿ ಹುಷಾರಾಗ್ತೀನಲ್ವೇನೇ?"

"ಅದು... ಅರಬ್ಬರು ಆ ಪದಾನ ಗ್ರೀಕರಿಂದಲೇ..."

"ಭಾಷೆ ಸಾಕು ಕಣೇ ತಾಯಿ. ಮಾತಾಡು."

ಬಟ್ಟೆಯ ಅಂಚಿನಲ್ಲಿ ಕತ್ತರಿಯ ಬಾಯಿ ತೆರೆದೇ ಇತ್ತು. ಅವಳು ದೊಡ್ಡಮ್ಮನ ಮಣಿಕಟ್ಟು ಹಿಡಿದಳು, ಬರೀ ಮೂಳೆ.

"ಕತ್ತರಿಸಬೇಡ ದೊಡ್ಡಮ್ಮ. ಶಾಲೆ ಶುರುವಾಗೋ ಹೊತ್ತಿಗೆ ನೀನಿರಲ್ಲ."