ನೊರೆ ಆರುವಷ್ಟರಲ್ಲಿ

"ನ... ನ... ನ..."

ಬಸ್ಸಿನ ಹಳೇ ಡ್ರೈವರ್ ಸಲೂನಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಕಾಯುತ್ತಿದ್ದ. ಅವನ ಬಲಗೆನ್ನೆಯ ಮೇಲೆ ನೊರೆ ಆರಿ ಬಿಗಿಯತೊಡಗಿತ್ತು. ಸಲೂನಿನವನ ಎಡಗೈ ಬೆರಳುಗಳು ಆ ಕೆನ್ನೆಯ ಅಂಚಿನಲ್ಲಿದ್ದವು, ಬಲಗೈಯ ಕತ್ತಿ ಗಾಳಿಯಲ್ಲೇ ನಿಂತಿತ್ತು.

"ನನ್ನ ಹೆಂಡತಿ..." ಎಂದು ಕೊನೆಗೂ ಸಲೂನಿನವನ ಬಾಯಿಂದ ಹೊರಬಿತ್ತು. ಕತ್ತಿ ಸರ್ರನೆ ಕೆಳಗಿಳಿಯಿತು. ಆ ದಿನದ ಮಟ್ಟಿಗೆ ಅಷ್ಟೇ, ಉಳಿದದ್ದು ನಾಳೆಗೆ.

ಸಲೂನಿನವನಿಗೆ ಚಿಕ್ಕಂದಿನಿಂದಲೂ ಉಗ್ಗು. ದೇವರು ಭಾರಿ ತಮಾಷೆಗಾರ ನೋಡಿ, ಇಂಥವನಿಗೆ ಗಂಟುಹಾಕಿದ್ದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವಾಗ ಹೊರಡುತ್ತದೆಂದು ಕೂಗಿ ಹೇಳುವ ಹೆಂಗಸನ್ನು. ಊರಿಗೆಲ್ಲ ಆಕೆ ಮೈಕಮ್ಮ. ಮನೆಯಲ್ಲೂ ಇಬ್ಬರ ಪಾಲಿನ ಮಾತನ್ನು ಆಕೆಯೇ ಆಡುತ್ತಿದ್ದಳು. ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಡಾಕ್ಟರ ಎದುರು, ಗಂಡ ಬಾಯಿ ತೆರೆದನೆಂದರೆ ಉಳಿದದ್ದನ್ನು ಮುಗಿಸಿಕೊಡುವುದು ಅವಳ ಕೆಲಸ. ಒಮ್ಮೊಮ್ಮೆ ಗುರಿ ತಪ್ಪುತ್ತಿತ್ತು. ಮನೆಗೆ ಹಸಿರು ಬಣ್ಣ ಬಳಿಸೋಣ ಎಂದು ಅವನು "ಹ" ತೆಗೆಯುವಷ್ಟರಲ್ಲಿ ಅವಳು "ಹಳದಿ ತಾನೇ, ಆಯ್ತು ಬಿಡಿ" ಎಂದು ಪೇಂಟರಿಗೆ ಹೇಳಿ ಮುಗಿಸಿದ್ದಳು. ಮಗಳು ಆ ಹಳದಿ ಗೋಡೆಗಳ ನಡುವೆಯೇ ಬೆಳೆದು ದೊಡ್ಡವಳಾದಳು.

ಆದರೆ ಅವನ ಪರವಾಗಿ ಅವಳು ಆಡಲಾಗದ ಮಾತೊಂದಿತ್ತು. ಇಷ್ಟು ವರ್ಷ ತನ್ನನ್ನು ಹೊತ್ತು ನಡೆದವಳಿಗೆ ಅವನು ಹೇಳಬೇಕಾದ ಕೃತಜ್ಞತೆ. ಅದನ್ನೂ ಅವಳ ಬಾಯಿಂದಲೇ ಹೇಳಿಸಲು ಬರುತ್ತದೆಯೇ? ಮುಂದಿನ ವರ್ಷ ಅವಳಿಗೆ ನಿವೃತ್ತಿ. ಬೀಳ್ಕೊಡುಗೆಯ ದಿನ ಎಲ್ಲರ ಎದುರು ನಿಂತು ತಾನೇ ಹೇಳಬೇಕೆಂದು ಅವನಿಗೆ ಆಸೆಯಾಯಿತು. ಅದನ್ನು ಹಳೇ ಡ್ರೈವರಿಗೆ ಮಾತ್ರ ಹೇಗೋ ತಡವರಿಸಿ ತಿಳಿಸಿದ.

"ಅಷ್ಟೇ ತಾನೇ," ಎಂದಿದ್ದ ಡ್ರೈವರ್. "ದಿನಾ ಬೆಳಿಗ್ಗೆ ನಿನ್ನ ಮೊದಲ ಗಿರಾಕಿ ನಾನು. ಕತ್ತಿ ಕುತ್ತಿಗೆ ಮೇಲಿರೋವಾಗ ನಾನಂತೂ ನಡುವೆ ಬಾಯಿ ಹಾಕಲ್ಲ ಕಣಯ್ಯ. ದಿನಕ್ಕೊಂದು ಮಾತು ಹೇಳು, ಸಾಕು."

ಮೊದಮೊದಲು ಒಂದು "ನಮಸ್ಕಾರ" ಹೊರಡುವಷ್ಟರಲ್ಲಿ ಎರಡೆರಡು ಸಲ ನೊರೆ ಹಚ್ಚಬೇಕಾಗುತ್ತಿತ್ತು. ಡ್ರೈವರ್ ನೆಗಡಿಯಾದ ದಿನವೂ ಬಂದ, ಕೆರೆಯಲು ಗಡ್ಡವೇ ಇಲ್ಲದ ದಿನವೂ ಬಂದ. "ದಿನಾ ಶೇವಿಂಗ್ ಮಾಡಿಸ್ಕೊಂಡು ಯಾರನ್ನ ನೋಡೋಕೆ ಹೋಗ್ತೀರಾ ಮಾವ?" ಎಂದು ಸೊಸೆ ಕಾಲೆಳೆಯುತ್ತಿದ್ದಳಂತೆ. ಕೆನ್ನೆ ಉರಿದು ಕೆಂಪಗಾದರೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಇಂಥ ಸ್ನೇಹಿತ ಸಿಗಲು ಪುಣ್ಯ ಮಾಡಿರಬೇಕು ಎಂದು ಸಲೂನಿನವನು ಆ ಕೆನ್ನೆಗೆ ನೀರು ಚಿಮುಕಿಸುವಾಗಲೆಲ್ಲ ಅಂದುಕೊಳ್ಳುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ಇಡೀ ಭಾಷಣ ಆ ಕುರ್ಚಿಯ ಬಳಿ ನೀರು ಕುಡಿದಷ್ಟು ಸಲೀಸಾಗಿತ್ತು.

ಬೀಳ್ಕೊಡುಗೆ ನಡೆದದ್ದು ನಿಲ್ದಾಣದ ಮೇಲಿನ ಕೋಣೆಯಲ್ಲಿ. ಡ್ರೈವರುಗಳು, ಕಂಡಕ್ಟರುಗಳು, ಗುಡಿಸುವ ಹೆಂಗಸರು ಎಲ್ಲ ಕಿಕ್ಕಿರಿದಿದ್ದರು. ಮನೆಯವರು ಯಾರಾದರೂ ಎರಡು ಮಾತಾಡಲಿ ಎಂದು ಅಧಿಕಾರಿ ಕೇಳಿದರು.

"ಅವರು ಮಾತಾಡಲ್ಲ ಸರ್, ನಾನೇ..." ಎಂದು ಮೈಕಮ್ಮ ಅರ್ಧ ಎದ್ದಳು. ಅಷ್ಟರಲ್ಲಿ ಗಂಡ ಮೈಕಿನ ಮುಂದೆ ನಿಂತಾಗಿತ್ತು.

ಬಾಯಿ ತೆರೆದ. ಒಂದಕ್ಷರ ಹೊರಡಲಿಲ್ಲ. ಎಡಗೈ ತಾನಾಗಿಯೇ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ತಡಕಾಡಿತು. ಆಗ ಅವನಿಗೆ ಹೊಳೆಯಿತು. ವರ್ಷವಿಡೀ ಕಲಿತ ಮಾತೆಲ್ಲ ಬೆರಳ ಕೆಳಗೊಂದು ಕೆನ್ನೆ ಇಟ್ಟುಕೊಂಡು ಕಲಿತದ್ದು. ಬರಿಗೈಯಲ್ಲಿ ಒಂದು ಸಲವಾದರೂ ಹೇಳಿ ನೋಡೋಣ ಎಂದು ಇಬ್ಬರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಮಗಳು ತಲೆ ತಗ್ಗಿಸಿದಳು. ಅಭ್ಯಾಸಬಲದಿಂದ ಮೈಕಮ್ಮನ ತುಟಿ ಅಲುಗಿತು. ಆದರೆ ಅವನು ಹೇಳಹೊರಟದ್ದೇನೆಂದು ಗೊತ್ತಿದ್ದರಲ್ಲವೇ ಅವಳು ಮುಗಿಸುವುದು?

ಹಿಂದಿನ ಸಾಲಿನಿಂದ ಹಳೇ ಡ್ರೈವರ್ ಎದ್ದು ಬಂದ. ತನ್ನ ಕುರ್ಚಿಯನ್ನೇ ಎಳೆದು ತಂದು ಸಲೂನಿನವನ ಮುಂದೆ ಹಾಕಿ, ಅದರಲ್ಲಿ ಕೂತು ತಲೆ ಹಿಂದಕ್ಕೆ ಚಾಚಿದ. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು.

"ಹೂಂ, ಶುರು ಮಾಡು," ಎಂದು ಹೇಳಿ ಬಾಯಿ ಮುಚ್ಚಿದ.

ಸಲೂನಿನವನು ಆ ಕೆನ್ನೆಯ ಮೇಲೆ ಬೆರಳಿಟ್ಟ.

"ನನ್ನ ಹೆಂಡತಿ ಊರಿಗೆಲ್ಲ ಬಸ್ಸಿನ ಸುದ್ದಿ ಹೇಳಿದ್ಲು. ನನ್ನ ಮಾತೂ ಅವಳೇ ಆಡಿದ್ಲು. ನಾನು ಬಾಯಿ ತೆರೆದರೆ ಜನ ನ... ನಗ್ತಿದ್ರು, ಮುಖ ತಿರುಗಿಸ್ತಿದ್ರು. ಇವಳು ಒಂದು ದಿನಾನೂ ತಿರುಗಿಸಲಿಲ್ಲ. ನನ್ನ ಬಾಳು ಹಸನಾಗಿದ್ದು ಇವಳಿಂದ. ಇದೊಂದನ್ನ ನಾನೇ ಹೇಳ್ಬೇಕು ಅಂತಿತ್ತು. ಹೇ... ಹೇಳಿದೀನಿ."

ಯಾರೂ ನಗುತ್ತಿರಲಿಲ್ಲ. ಚಪ್ಪಾಳೆ ನಿಲ್ಲಲು ಸುಮಾರು ಹೊತ್ತು ಹಿಡಿಯಿತು. ಅಧಿಕಾರಿ ಕಣ್ಣೊರೆಸಿಕೊಂಡು ಮೈಕನ್ನು ಮೈಕಮ್ಮನ ಕೈಗೆ ಕೊಟ್ಟರು.

ಅವಳು ಬಾಯಿ ತೆರೆದಳು. ಸ್ವರ ಬರಲಿಲ್ಲ. "ತುಂಬಾ ಸಂತೋಷ ಆಯ್ತು ಅಂತ ಹೇಳಮ್ಮಾ," ಎಂದು ಯಾರೋ ಹಿಂದಿನಿಂದ ಹೇಳಿಕೊಡಲು ಹೊರಟರು. ಸಲೂನಿನವನು ಅವರತ್ತ ಕೈಯೆತ್ತಿ ಸುಮ್ಮನಿರಿಸಿದ. ಆಮೇಲೆ ಹೆಂಡತಿಯ ಪಕ್ಕಕ್ಕೆ ಬಂದು, ಅವಳ ಮುಖ ನೋಡುತ್ತ, ಅವಸರವಿಲ್ಲದೆ ಕಾಯುತ್ತ ನಿಂತ.